ಡೀಲರ್‌ಶಿಪ್ ಕರಾರಿಗೆ ಸಹಿ ಹಾಕುವ ಮುಂಚೆ

ಚಿ. ಪುಟ್ಟುವಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ನಿಮ್ಮಪ್ಪ ಫೋನಿನಲ್ಲಿ ಎಲ್ಲ ಹೇಳಿದ. ವಿದೇಶಿ ಕಾರ್ ಕಂಪನಿಯ ಡೀಲರ್‌ಶಿಪ್ ನಿನಗೆ ಸಿಗುವ ಹಾಗಿದೆಯಂತೆ. ಹೈವೇ ಪಕ್ಕದಲ್ಲಿ ಬಾಡಿಗೆಗೆ ಜಾಗವನ್ನೂ ನೋಡಿಟ್ಟಿದ್ದೀಯಂತೆ. ಸಾಲಕ್ಕೆ ಮನೆ ಪತ್ರ ಅಡ ಇಡಬಹುದಾ ಅಂತ ಅವನು ಕೇಳಿದ. ನನಗೆ ಖುಷಿಯೂ ಆಯಿತು, ಆತಂಕವೂ ಆಯಿತು. ಬೇಡ ಅನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನೀನು ಕಷ್ಟಪಟ್ಟು ದುಡಿಯುವವನು, ಗಿರಾಕಿಗಳನ್ನು ಹೇಗೆ ಮಾತಾಡಿಸಬೇಕು ಅನ್ನುವುದು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇಷ್ಟು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವಳು ನಾನು. ಡೀಲರ್‌ಶಿಪ್‌ಗೆ ಸಾಲ ಕೇಳಿಕೊಂಡು ಬಂದವರು ಕಂಪನಿ ನಮ್ಮ ದೇಶಕ್ಕೆ ಯಾಕೆ ಬಂದಿದೆ, ಎಷ್ಟು ಗಾಡಿ ಮಾರುತ್ತದೆ ಅಂತ ಗಂಟೆಗಟ್ಟಲೆ ಹೇಳುತ್ತಿದ್ದರು. ಅದು ಯಾಕೆ ಹೊರಟು ಹೋಗಬಹುದು ಅಂತ ಕೇಳಿದರೆ ಉತ್ತರ ಇರುತ್ತಿರಲಿಲ್ಲ. ನೀನು ಆ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಬೇಕು.

ವ್ಯಾಪಾರ ಆಗಲಿಲ್ಲ, ನಷ್ಟ ಆಯ್ತು, ಗಂಟುಮೂಟೆ ಕಟ್ಟಿದರು ಅಂತ ಜನ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಹೆಡ್ ಆಫೀಸಿನಲ್ಲಿ ಕೂತವರು ಲೆಕ್ಕ ಹಾಕುವ ರೀತಿಯೇ ಬೇರೆ. ಈ ದೇಶದಲ್ಲಿ ಲಾಭವೋ ನಷ್ಟವೋ ಅನ್ನುವುದಕ್ಕಿಂತ, ಇಲ್ಲಿ ಹಾಕುವ ದುಡ್ಡನ್ನೇ ಇನ್ನೊಂದು ಕಡೆ ಹಾಕಿದರೆ ಜಾಸ್ತಿ ಬರುತ್ತದಾ ಅಂತ ಅವರು ನೋಡುತ್ತಾರೆ. ಬರುತ್ತದೆ ಅಂತಾದರೆ ಇಲ್ಲಿ ನೀನು ಎಷ್ಟು ಚೆನ್ನಾಗಿ ಗಾಡಿ ಮಾರಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಫೋರ್ಡ್ ಕಂಪನಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದು. 1995ರಲ್ಲಿ ಮಹೀಂದ್ರಾ ಜೊತೆ ಸೇರಿ ಅವರು ಇಲ್ಲಿಗೆ ಬಂದರು. ಮೊದಲು ಎಸ್ಕಾರ್ಟ್, ಆಮೇಲೆ ಐಕಾನ್, 2010ರಲ್ಲಿ ಫಿಗೋ. ಚೆನ್ನೈ ಹತ್ತಿರ ಮರೈಮಲೈ ನಗರದಲ್ಲಿ ಒಂದು ಕಾರ್ಖಾನೆ, 2015ರಲ್ಲಿ ಗುಜರಾತಿನ ಸಾನಂದದಲ್ಲಿ ಇನ್ನೊಂದು. ಎರಡೂ ಸೇರಿದರೆ ವರ್ಷಕ್ಕೆ 4 ಲಕ್ಷಕ್ಕೂ ಮೀರಿ ಗಾಡಿ ತಯಾರಿಸಬಹುದಿತ್ತು. ಕೊನೆಕೊನೆಗೆ ಅದರ ಕಾಲುಭಾಗದಷ್ಟೂ ಕೆಲಸ ಇರಲಿಲ್ಲ. ಕಾರ್ಖಾನೆ ಖಾಲಿ ಕೂತರೂ ಯಂತ್ರದ ಸವಕಳಿ, ಸಂಬಳ, ಕರೆಂಟು ಬಿಲ್ಲು ನಿಲ್ಲುವುದಿಲ್ಲ. ಕಡಿಮೆ ಗಾಡಿ ಮಾಡಿದಷ್ಟೂ ಒಂದೊಂದು ಗಾಡಿಯ ಮೇಲೆ ಬೀಳುವ ಖರ್ಚು ಏರುತ್ತಲೇ ಹೋಗುತ್ತದೆ.

ಅವರ ಗಾಡಿ ಕೆಟ್ಟದಾಗಿತ್ತು ಅಂತ ಯಾರೂ ಹೇಳಲಾರರು. 2013ರಲ್ಲಿ ಇಕೋಸ್ಪೋರ್ಟ್ ಬಂದಾಗ ಜನ ಮುಗಿಬಿದ್ದು ಬುಕ್ ಮಾಡಿದ್ದರು. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಕಾರಿಗೆ ನಮ್ಮಲ್ಲಿ ತೆರಿಗೆ ಕಡಿಮೆ. ಆ ಅಳತೆಯೊಳಗೇ ಎಸ್‌ಯುವಿ ತರಹದ ಗಾಡಿ ಮಾಡಿ ತೋರಿಸಿ ಫೋರ್ಡ್ ಹೊಸ ದಾರಿ ತೆರೆಯಿತು. ಆ ದಾರಿಯಲ್ಲಿ ದುಡ್ಡು ಮಾಡಿದವರು ಬೇರೆಯವರು. 2016ರಲ್ಲಿ ಮಾರುತಿಯ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ ಬಂದವು. ಇಕೋಸ್ಪೋರ್ಟ್ ಮಾತ್ರ ಅಲ್ಲೊಂದು ಇಲ್ಲೊಂದು ಬದಲಾವಣೆ ಮಾಡಿಕೊಂಡು ಹಳೆಯದಾಗಿಯೇ ಉಳಿಯಿತು. ಹೊಸ ಮಾಡೆಲ್ ಮಾಡಲು ದೊಡ್ಡ ಮೊತ್ತ ಬೇಕು, ಅದಕ್ಕೆ ಅಮೆರಿಕದಿಂದ ಒಪ್ಪಿಗೆ ಬರಬೇಕು. ಅಲ್ಲಿ ಲಾಭ ಬರುತ್ತಿದ್ದದ್ದು ದೊಡ್ಡ ಪಿಕಪ್‌ಗಳಿಂದ. ಎಲೆಕ್ಟ್ರಿಕ್ ಗಾಡಿಗೂ ಆಗಲೇ ಹಣ ಬೇಕಾಗಿತ್ತು. ನಮ್ಮ ಸರದಿ ಬರಲೇ ಇಲ್ಲ. 2019ರಲ್ಲಿ ಮತ್ತೆ ಮಹೀಂದ್ರಾ ಜೊತೆ ಪಾಲುದಾರಿಕೆಯ ಮಾತಾಯಿತು. 2020ರ ಡಿಸೆಂಬರ್ 31ಕ್ಕೆ ಅದೂ ಮುರಿದುಬಿತ್ತು.

2021ರ ಸೆಪ್ಟೆಂಬರ್ 9ರಂದು ಫೋರ್ಡ್ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದು ಹೇಳಿತು. ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಜಾಸ್ತಿ ನಷ್ಟವಾಗಿದೆ ಅಂತ ಲೆಕ್ಕ ಕೊಟ್ಟಿತು. ಬಾಗಿಲು ಹಾಕುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಖರ್ಚು, ಸುಮಾರು 200 ಕೋಟಿ ಡಾಲರ್ ಅಂತ ಅದೇ ದಿನ ಹೇಳಿತು. ಅಷ್ಟು ಕಳೆದುಕೊಂಡಾದರೂ ಹೊರಡುವುದೇ ಲೇಸು ಅಂತ ಅವರಿಗೆ ಅನ್ನಿಸಿತ್ತು. ಅದೇ ವರ್ಷ ಜನವರಿಯಲ್ಲಿ ಬ್ರೆಜಿಲ್‌ನಲ್ಲೂ ಕಾರು ತಯಾರಿಕೆ ನಿಲ್ಲಿಸಿದ್ದರು. ಹಾಗಾಗಿ ಇದು ನಮ್ಮ ಒಂದು ದೇಶದ ಮೇಲಿನ ಮುನಿಸಲ್ಲ.

ಆಗ ಡೀಲರುಗಳ ಸಂಘ ಫಾಡಾ ಕೊಟ್ಟ ಲೆಕ್ಕ ನೋಡು. ಫೋರ್ಡ್‌ಗೆ 170 ಡೀಲರುಗಳು, 391 ಮಳಿಗೆಗಳು. ಅವರು ಹಾಕಿದ ಬಂಡವಾಳ ಸುಮಾರು 2,000 ಕೋಟಿ ರೂಪಾಯಿ. ಕೆಲಸಕ್ಕಿದ್ದವರು ಸುಮಾರು 40 ಸಾವಿರ ಜನ. ಕಾರ್ಖಾನೆಗಳಲ್ಲಿ ಕೆಲಸ ಹೋಗುವವರು ಸುಮಾರು 4 ಸಾವಿರ ಅಂತ ಕಂಪನಿ ಹೇಳಿತ್ತು. ಡೀಲರುಗಳ ಬಳಿ ಇದ್ದವರು ಅದರ ಹತ್ತರಷ್ಟು! ಇನ್ನೊಂದು ಮಾತನ್ನೂ ಫಾಡಾ ಹೇಳಿತು. ಐದು ತಿಂಗಳ ಹಿಂದಿನವರೆಗೂ ಕಂಪನಿ ಹೊಸ ಡೀಲರುಗಳನ್ನು ಸೇರಿಸಿಕೊಳ್ಳುತ್ತಲೇ ಇತ್ತು ಅಂತ. ಪುಟ್ಟು, ನಿನ್ನ ವಿಷಯ ಕೇಳಿದಾಗ ನನಗೆ ತಕ್ಷಣ ನೆನಪಾದದ್ದು ಇದೇ. ನಿನ್ನನ್ನು ಕರೆದು ಮಾತಾಡಿಸುವ ಸೇಲ್ಸ್ ಮ್ಯಾನೇಜರ್ ಮೋಸಗಾರ ಆಗಿರಬೇಕಿಲ್ಲ. ಅವನ ಮೇಲಿನವರು ಏನು ತೀರ್ಮಾನ ಮಾಡುತ್ತಿದ್ದಾರೆ ಅಂತ ಅವನಿಗೇ ಗೊತ್ತಿರುವುದಿಲ್ಲ.

ಪೇಪರಿನಲ್ಲಿ ಹೂಡಿಕೆಯ ಸುದ್ದಿ ಬಂದರೆ ನಂಬಬಹುದಲ್ವಾ ಅಂತ ನೀನು ಕೇಳಬಹುದು. ಜನರಲ್ ಮೋಟಾರ್ಸ್ 2015ರ ಜುಲೈನಲ್ಲಿ ಭಾರತದಲ್ಲಿ 100 ಕೋಟಿ ಡಾಲರ್ ಹಾಕುತ್ತೇವೆ ಅಂತ ಘೋಷಿಸಿತು. ಮರುವರ್ಷ ಆ ಹೂಡಿಕೆಯನ್ನು ತಡೆಹಿಡಿಯಿತು. 2017ರ ಮೇ ತಿಂಗಳಲ್ಲಿ, ತನ್ನ ಷೆವರ್ಲೆ ಕಾರು ಇನ್ನು ಇಲ್ಲಿ ಮಾರುವುದಿಲ್ಲ ಅಂದುಬಿಟ್ಟಿತು. ಎರಡು ವರ್ಷವೂ ತುಂಬಿರಲಿಲ್ಲ. ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಆ ಹೊತ್ತಿಗೆ ಅವರ ಲೆಕ್ಕವೇ ಬದಲಾಗಿತ್ತು. ಅದೇ ವರ್ಷ ಯುರೋಪಿನ ಓಪೆಲ್ ಕಂಪನಿಯನ್ನು ಮಾರಿದರು, ದಕ್ಷಿಣ ಆಫ್ರಿಕಾದಿಂದ ಹೊರಟರು. 2020ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಹೋಲ್ಡನ್ ಹೆಸರನ್ನೇ ಮುಚ್ಚಿದರು. ಅಲ್ಲಿನವರಿಗೆ ಅದು 1948ರಿಂದ ತಮ್ಮದೇ ದೇಶದ ಕಾರು. ಸ್ಟೀರಿಂಗ್ ಬಲಗಡೆ ಇರುವ ದೇಶಗಳು ಕಡಿಮೆ, ಅವಕ್ಕೆಂದೇ ಬೇರೆ ಗಾಡಿ ಮಾಡಲು ದುಡ್ಡು ಹಾಕಿದರೆ ಗಿಟ್ಟುವುದಿಲ್ಲ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಯೋಚನೆ ಮಾಡು, ಸ್ಟೀರಿಂಗ್ ಯಾವ ಕಡೆ ಇದೆ ಅನ್ನುವುದಕ್ಕೂ ನಿನ್ನ ಶೋರೂಮ್‌ನ ಹಣೆಬರಹಕ್ಕೂ ಸಂಬಂಧ ಇರುತ್ತದೆ. ಅಷ್ಟಾದರೂ ಬೆಂಗಳೂರಿನಲ್ಲಿದ್ದ ಅವರ ತಾಂತ್ರಿಕ ಕೇಂದ್ರ ಮಾತ್ರ ಮುಚ್ಚಲಿಲ್ಲ. ನಮ್ಮ ಎಂಜಿನಿಯರುಗಳು ಬೇಕಿದ್ದರು, ನಮ್ಮ ಗಿರಾಕಿಗಳು ಬೇಕಾಗಿರಲಿಲ್ಲ.

ಚೆನ್ನಾಗಿ ನಡೆಯುತ್ತಿದ್ದಾಗಲೇ ಹೋಗುವವರೂ ಇದ್ದಾರೆ. ಜರ್ಮನಿಯ ಸಗಟು ಅಂಗಡಿ ಮೆಟ್ರೊ ನಿನಗೇ ಗೊತ್ತು. ಭಾರತದಲ್ಲಿ ಅವರ ಮೊದಲ ಮಳಿಗೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2003ರಲ್ಲಿ. ಕಿರಾಣಿ ಅಂಗಡಿಯವರು, ಹೋಟೆಲಿನವರು ಕಾರ್ಡ್ ತೋರಿಸಿ ಒಳಗೆ ಹೋಗಿ ಗಾಡಿಗಟ್ಟಲೆ ಸಾಮಾನು ತರುತ್ತಿದ್ದರು. 2022ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಇಲ್ಲಿ ಅವರ ವಹಿವಾಟು ಸುಮಾರು 7,700 ಕೋಟಿ ರೂಪಾಯಿ. ಭಾರತಕ್ಕೆ ಬಂದ ಮೇಲೆ ಅದೇ ಅತಿ ಹೆಚ್ಚು. ಅದೇ ಡಿಸೆಂಬರಿನಲ್ಲಿ 31 ಮಳಿಗೆಗಳನ್ನೂ ರಿಲಯನ್ಸ್‌ಗೆ 2,850 ಕೋಟಿಗೆ ಮಾರುವ ಒಪ್ಪಂದ ಮಾಡಿಕೊಂಡರು. ಇಲ್ಲಿ ದೊಡ್ಡ ದೊಡ್ಡ ಕುಳಗಳು ಆನ್‌ಲೈನ್ ಸಗಟು ವ್ಯಾಪಾರಕ್ಕೆ ಇಳಿದಿದ್ದರು. ಅವರ ಸಮಕ್ಕೆ ನಿಲ್ಲಬೇಕಾದರೆ ಇನ್ನಷ್ಟು ದುಡ್ಡು ಸುರಿಯಬೇಕಿತ್ತು. ಅದು ಬೇಡ ಅನ್ನಿಸಿತು, ಒಳ್ಳೆ ಬೆಲೆ ಸಿಕ್ಕಾಗಲೇ ಕೊಟ್ಟರು. 2006ರಲ್ಲಿ ಇದೇ ಮೆಟ್ರೊ, ಜರ್ಮನಿಯಲ್ಲಿ ಸೋತು ಹೊರಟ ಅಮೆರಿಕದ ವಾಲ್‌ಮಾರ್ಟ್‌ನ 85 ಮಳಿಗೆಗಳನ್ನು ಕೊಂಡುಕೊಂಡಿತ್ತು. ಅಲ್ಲಿ ಆಲ್ಡಿ, ಲಿಡ್ಲ್ ಅನ್ನುವ ಅಂಗಡಿಗಳು ಮೊದಲೇ ಅಗ್ಗಕ್ಕೆ ಮಾರುತ್ತಿದ್ದವು. ವಾಲ್‌ಮಾರ್ಟ್‌ಗೆ ಅವರಿಗಿಂತ ಅಗ್ಗಕ್ಕೆ ಮಾರಲು ಆಗಲಿಲ್ಲ.

ಕಾನೂನು, ಯುದ್ಧ ಅಂತ ಹೋದವರೂ ಇದ್ದಾರೆ. 1977ರಲ್ಲಿ ಕೋಕಾ ಕೋಲಾ, ವಿದೇಶಿ ಕಂಪನಿಗಳ ಪಾಲಿಗೆ ಮಿತಿ ಹಾಕಿದ ಫೆರಾ ಕಾಯ್ದೆಯಿಂದಾಗಿ ಹೋಯಿತು, 1993ರಲ್ಲಿ ವಾಪಸ್ ಬಂತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದಿಂದ ಮೆಕ್‌ಡೊನಾಲ್ಡ್ಸ್ ಹೊರಟಿತು. ರೆನೊ ಅಲ್ಲಿನ ತನ್ನ ಪಾಲನ್ನು ಹೆಸರಿಗಷ್ಟೇ ಒಂದು ರೂಬಲ್‌ಗೆ ಬಿಟ್ಟುಕೊಟ್ಟಿತು. ಅಂಥದ್ದನ್ನೆಲ್ಲ ನೀನೂ ನಾನೂ ಮುಂಚೆಯೇ ಊಹಿಸಲು ಆಗುವುದಿಲ್ಲ, ಬಿಡು.

ಊಹಿಸಬಹುದಾದ್ದರ ಬಗ್ಗೆ ತಲೆ ಕೆಡಿಸಿಕೋ. ಬಿಡದಿಯ ಟೊಯೊಟಾ ನೋಡು. ಅವರ ಎಟಿಯೋಸ್ ಅಂದುಕೊಂಡ ಹಾಗೆ ಓಡಲಿಲ್ಲ, 2020ರಲ್ಲಿ ನಿಲ್ಲಿಸಿದರು. ಅಷ್ಟರಲ್ಲೇ ಸುಝುಕಿ ಜೊತೆ ಕೈಜೋಡಿಸಿ, 2019ರಿಂದ ಬಲೆನೊವನ್ನೇ ಗ್ಲಾಂಝಾ ಅಂತ ತಮ್ಮ ಶೋರೂಮಿನಲ್ಲಿ ಮಾರಲು ಶುರು ಮಾಡಿದ್ದರು. ಡೀಲರಿಗೆ ಮಾರಲು ಒಂದು ಸಣ್ಣ ಕಾರು ಉಳಿಯಿತು. ಇನ್ನೋವಾ ಅಂತೂ ಇದ್ದೇ ಇತ್ತು. ಉಳಿಯುವ ಮನಸ್ಸಿರುವ ಕಂಪನಿ ಕಷ್ಟದ ವರ್ಷದಲ್ಲಿ ಏನು ಮಾಡುತ್ತದೆ ಅನ್ನುವುದರಲ್ಲೇ ಅದರ ಮನಸ್ಸು ಗೊತ್ತಾಗುತ್ತದೆ. ನಿನ್ನ ಕಂಪನಿ ಮುಂದಿನ ಮೂರು ವರ್ಷದಲ್ಲಿ ಯಾವ ಹೊಸ ಗಾಡಿ ತರುತ್ತದೆ, ಕೇಳು. ಅದರ ಬಿಡಿಭಾಗ ಇಲ್ಲೇ ತಯಾರಾಗುತ್ತವೋ ಹಡಗಿನಲ್ಲಿ ಬರುತ್ತವೋ, ಕೇಳು. ಕಾರ್ಖಾನೆ ಎಷ್ಟು ಪಾಳಿ ಓಡುತ್ತಿದೆ ಅಂತ ವಿಚಾರಿಸು. ಇಂಡಿಯಾದ ಮುಖ್ಯಸ್ಥರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರೆ, ಹಳೇ ಮಾಡೆಲ್ ಮೇಲೆ ಸುಮ್ನೆ ಡಿಸ್ಕೌಂಟ್ ಮೇಲೆ ಡಿಸ್ಕೌಂಟ್ ಕೊಡುತ್ತಿದ್ದರೆ ಹುಷಾರಾಗು. ಆಗಲೇ ಇರುವ ಡೀಲರುಗಳನ್ನು ಹೋಗಿ ಮಾತಾಡಿಸು. ಕಂಪನಿಯವರು ಕಳಿಸಿದವರನ್ನಲ್ಲ, ನೀನೇ ಹುಡುಕಿಕೊಂಡು ಹೋದವರನ್ನು. ಡೀಲರ್‌ಶಿಪ್ ಬಿಟ್ಟವರು ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ಬ್ರಾಂಚಿನ ಗ್ರಾಹಕರೊಬ್ಬರಿಗೆ ಇಂಥದ್ದೇ ಆಯಿತು. ಅವರ ಹೆಸರೂ ಬೇಡ, ಆ ಕಂಪನಿ ಹೆಸರೂ ಬೇಡ. ಶೋರೂಮಿನ ಟೈಲ್ಸ್ ಇಂಥ ಬಣ್ಣದ್ದೇ ಇರಬೇಕು, ಬೋರ್ಡು ಇಂಥವರಿಂದಲೇ ಮಾಡಿಸಬೇಕು ಅಂತೆಲ್ಲ ಕರಾರಿತ್ತು. ಎಲ್ಲ ಮಾಡಿಸಿದರು. ಕಂಪನಿ ಹೋದ ಮೇಲೆ ನಾನು ಸ್ಟಾಕ್ ಇನ್‌ಸ್ಪೆಕ್ಷನ್‌ಗೆ ಹೋಗಿದ್ದೆ. ವರ್ಕ್‌ಶಾಪಿನ ಗೋಡೆಯ ಮೇಲೆ ಸ್ಪೆಷಲ್ ಟೂಲ್‌ಗಳನ್ನು ನೇತುಹಾಕಿದ್ದರು. ಒಂದೊಂದರ ಹಿಂದೆಯೂ ಅದರದ್ದೇ ಆಕಾರ ಪೇಂಟ್ ಮಾಡಿತ್ತು. ಬೇರೆ ಯಾವ ಕಂಪನಿಯ ಗಾಡಿಗೂ ಅವು ಹೊಂದುವುದಿಲ್ಲ. ಸ್ಕ್ಯಾನರ್ ಕೂಡ ಹಾಗೇ. ರ‍್ಯಾಕ್ ತುಂಬ ಬಿಡಿಭಾಗ, ಆದರೆ ಗಿರಾಕಿಗೆ ಬೇಕಾದ ಒಂದು ಬಿಡಿಭಾಗ ಮಾತ್ರ ಇಲ್ಲ. ಗಾಡಿಯ ರೀಸೇಲ್ ಬೆಲೆ ಬಿದ್ದಿದ್ದಕ್ಕೆ ಜನ ಬಂದು ಬೈಯುತ್ತಿದ್ದದ್ದು ಇವರನ್ನೇ. ಒಳ್ಳೆ ಮೆಕ್ಯಾನಿಕ್‌ಗಳು ಬೇರೆ ಶೋರೂಮ್ ಸೇರಿಕೊಂಡರು. ಜಾಗದ ಬಾಡಿಗೆ ಕರಾರು ಇನ್ನೂ ಮುಗಿದಿರಲಿಲ್ಲ. ಬ್ಯಾಂಕಿನ ಬಡ್ಡಿಯೂ ನಿಂತಿರಲಿಲ್ಲ. ಆ ಮನುಷ್ಯ ಗಾಡಿ ಮಾರುವುದರಲ್ಲಿ ಎಲ್ಲೂ ಹಿಂದೆ ಬಿದ್ದವರಲ್ಲ. ಅದನ್ನೇ ನೆನೆದು ಈಗಲೂ ಹೊಟ್ಟೆ ಉರಿಯುತ್ತದೆ ನನಗೆ.

ಆಸ್ಟ್ರೇಲಿಯಾದಲ್ಲಿ ಹೋಲ್ಡನ್‌ನ 185 ಡೀಲರುಗಳು ಪರಿಹಾರಕ್ಕಾಗಿ ಜಗಳ ಮಾಡಿದರು. ಅಲ್ಲಿನ ಸರ್ಕಾರ 2021ರ ಜುಲೈನಿಂದ ನಿಯಮ ಬಿಗಿ ಮಾಡಿತು. ಕಂಪನಿ ದೇಶ ಬಿಟ್ಟು ಹೋಗಿ ಒಪ್ಪಂದ ಮಧ್ಯದಲ್ಲೇ ಮುರಿದರೆ ಡೀಲರಿಗೆ ಪರಿಹಾರ ಕೊಡುವ ಷರತ್ತು ಕರಾರಿನಲ್ಲಿ ಇರಲೇಬೇಕು. ನಮ್ಮಲ್ಲೂ ಡೀಲರುಗಳ ರಕ್ಷಣೆಗೆ ಕಾನೂನು ಬೇಕು ಅಂತ ಫಾಡಾ ಕೇಳುತ್ತಾ ಬಂದಿದೆ. ಅದು ಬರುವ ತನಕ ನಿನ್ನನ್ನು ಕಾಯುವುದು ನೀನು ಸಹಿ ಹಾಕುವ ಕಾಗದ ಒಂದೇ.

ಅದಕ್ಕೇ ಹೇಳುತ್ತೇನೆ, ಕರಾರನ್ನು ಕೊನೆಯ ಪುಟದಿಂದ ಓದು. ಎಷ್ಟು ದಿನದ ನೋಟಿಸ್ ಕೊಟ್ಟು ಅವರು ಬಿಡಬಹುದು? ಉಳಿದ ಗಾಡಿ, ಬಿಡಿಭಾಗ, ಟೂಲ್ ಯಾವ ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತಾರೆ? ಸಹಿ ಹಾಕುತ್ತಿರುವುದು ಮೂಲ ಕಂಪನಿಯೋ, ಇಲ್ಲಿ ನೋಂದಾಯಿಸಿದ ಅದರ ಪ್ರೈವೇಟ್ ಲಿಮಿಟೆಡ್ಡೋ? ತಕರಾರು ಬಂದರೆ ಯಾವ ಊರಿನಲ್ಲಿ ಇತ್ಯರ್ಥ? ಕರಾರು ಬದಲಾಯಿಸಲು ಆಗುವುದಿಲ್ಲ ಅಂತಲೇ ಮೊದಲು ಹೇಳುತ್ತಾರೆ. ಆದರೂ ಕೇಳು. ಒಂದೆರಡು ಷರತ್ತಾದರೂ ಸಡಿಲ ಆಗುತ್ತದೆ. ಜಾಗದ ಮಾಲೀಕರ ಹತ್ತಿರ, ಕಂಪನಿ ಹೋದರೆ ಮೂರು ತಿಂಗಳ ನೋಟಿಸಿನಲ್ಲಿ ಬಿಟ್ಟುಕೊಡುತ್ತೇನೆ ಅಂತ ಬರೆಸಿಕೋ. ಲಿಫ್ಟು, ಕಂಪ್ರೆಸರು, ಪೇಂಟ್ ಬೂತ್ ಎಲ್ಲ ಯಾವ ಗಾಡಿಗೂ ಆಗುವಂಥದ್ದನ್ನೇ ಹಾಕಿಸು. ಶೋರೂಮಿಗಿಂತ ವರ್ಕ್‌ಶಾಪಿಗೆ ಜಾಸ್ತಿ ಗಮನ ಕೊಡು, ಯಾಕೆಂದರೆ ಬೋರ್ಡು ಬದಲಾದರೂ ಅದು ನಡೆಯುತ್ತದೆ.

ಮನೆ ಪತ್ರ ಮಾತ್ರ ಬೇಡ. ಅದನ್ನು ನಿಮ್ಮಪ್ಪನಿಗೂ ಹೇಳಿದ್ದೇನೆ. ನಿಮ್ಮ ತಾತ ಕಟ್ಟಿಸಿದ ಮನೆ ಅಂತ ಹೇಳುತ್ತಿಲ್ಲ. ಬೇರೆ ದೇಶದಲ್ಲಿ ಕೂತವರ ಲೆಕ್ಕಾಚಾರದ ಮೇಲೆ ನಿಮ್ಮಮ್ಮ ಮಲಗುವ ಕೋಣೆ ನಿಂತಿರಬಾರದು, ಅಷ್ಟೇ. ಗಾಡಿ ಸ್ಟಾಕಿಗೆ ಬ್ಯಾಂಕು ಬೇರೆಯೇ ಸಾಲ ಕೊಡುತ್ತದೆ, ಯಂತ್ರಗಳಿಗೆ ಟರ್ಮ್ ಲೋನ್ ಇದೆ. ಅಡಮಾನಕ್ಕೆ ಏನು ಕೊಡಬಹುದು ಅಂತ ಆಮೇಲೆ ಕೂತು ನೋಡೋಣ. ಅದು ಸಾಲದೆ ಬಂದರೆ ಶೋರೂಮು ಸಣ್ಣದು ಮಾಡು, ಇಲ್ಲವೇ ಪಾಲುದಾರರೊಬ್ಬರನ್ನು ಸೇರಿಸಿಕೋ.

ಕರಾರಿನ ಕರಡು ನನಗೆ ವಾಟ್ಸಾಪಿನಲ್ಲಿ ಕಳಿಸು. ಫೋಟೋ ಬೇಡ, ಪಿಡಿಎಫ್ ಕಳಿಸು, ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತೇನೆ. ನಮ್ಮ ಬ್ಯಾಂಕಿನ ಕಾನೂನು ವಿಭಾಗದಲ್ಲಿದ್ದ ಗೆಳತಿಯೊಬ್ಬಳು ಈಗ ವಕೀಲಿಕೆ ಮಾಡುತ್ತಾಳೆ, ಅವಳಿಗೂ ತೋರಿಸುತ್ತೇನೆ. ಅಲ್ಲಿಯವರೆಗೆ ಜಾಗಕ್ಕೆ ಅಡ್ವಾನ್ಸ್ ಕೊಡಬೇಡ.

ಇಂತಿ ನಿನ್ನ,
ಅತ್ತೆ