ಮಳೆಗೆ ಮೊದಲು ಕೊಂಬೆ ಕಡಿಸಿ ಸಾಹೇಬರೇ

ನಮ್ಮ ಉಪವಿಭಾಗದ ವಿದ್ಯುತ್ ಎಂಜಿನಿಯರ್ ಸಾಹೇಬರಿಗೆ,

ನಮಸ್ಕಾರ. ಕರೆಂಟ್ ಲೈನಿಗೆ ತಾಗುವ ಕೊಂಬೆ ಕಡಿಸಿ ಎಂದು ಇದು ನನ್ನ ನಾಲ್ಕನೇ ಅರ್ಜಿ. ಮೊದಲಿನ ಮೂರರ ಮೇಲೆ ನಿಮ್ಮ ಕಚೇರಿಯ ಸೀಲು ಬಿತ್ತು, ನಮ್ಮ ಲೈನಿನ ಮೇಲೆ ಕೊಂಬೆ ಬಿತ್ತು. ಹಾಗಾಗಿ ಈ ಸಲ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕೊಡಗಿನ ಮಳೆಗಾಲವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೇ ತಿಂಗಳಲ್ಲೇ ಸೌದೆ ಒಡೆದು ಅಟ್ಟಕ್ಕೇರಿಸುತ್ತೇವೆ, ಅಕ್ಕಿ ಬೇಳೆ ತುಂಬಿಸಿಡುತ್ತೇವೆ, ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟುತ್ತೇವೆ. ಜುಲೈಯಲ್ಲಿ ನಮ್ಮ ಮಕ್ಕಳ ಯೂನಿಫಾರ್ಮಿಗೂ ಹೊಗೆ ವಾಸನೆ. 2018ರಲ್ಲಿ ಜೋಡುಪಾಲ, ಮಕ್ಕಂದೂರಿನ ಕಡೆ ಬೆಟ್ಟವೇ ಜಾರಿದಾಗ, 2019ರಲ್ಲಿ ತೋರ ಗ್ರಾಮದಲ್ಲಿ ಮಣ್ಣು ಕುಸಿದು ಜೀವ ಹೋದಾಗ ಕರೆಂಟ್ ಎಲ್ಲಿ ಎಂದು ಕೇಳಿದವರಲ್ಲ ನಾವು. ಆದರೆ ಲೈನಿಗೆ ತಾಗಿ ನಿಂತ ಸಿಲ್ವರ್ ಓಕ್ ಮರದ ಕೊಂಬೆ ಪ್ರಕೃತಿ ವಿಕೋಪವಲ್ಲ. ಅದು ಫೆಬ್ರವರಿಯಲ್ಲೂ ಅಲ್ಲೇ ಇತ್ತು. ನಿಮ್ಮ ಕಚೇರಿಗೇ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದ್ದೆ.

ಈ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ನಮ್ಮ ಜಡಿಮಳೆಯ ತಿಂಗಳು) ಆದದ್ದು ಕೇಳಿ. ಅದೇ ಕೊಂಬೆ ಮುರಿದು 11 ಕೆವಿ ಲೈನಿನ ಮೇಲೆ ಬಿತ್ತು. ಎರಡು ಕಂಬ ವಾಲಿದವು, ಟ್ರಾನ್ಸ್‌ಫಾರ್ಮರ್ ಢಮ್ ಎಂದಿತು. 11 ದಿನ ಕತ್ತಲು. ಟವರಿನ ಡೀಸೆಲ್ ಮುಗಿದ ಮೇಲೆ ಮೊಬೈಲೂ ಸತ್ತಿತು. ನಿಮ್ಮ ಸಹಾಯವಾಣಿ 1912ಕ್ಕೆ ದೂರು ಕೊಡಬೇಕೆಂದರೆ ಜಿಗಣೆ ಕಿತ್ತುಕೊಳ್ಳುತ್ತಾ ಮೇಲಿನ ತಿರುವಿನ ತನಕ ಹತ್ತಬೇಕು, ಅಲ್ಲಿ ಎರಡು ಕಡ್ಡಿ ಸಿಗ್ನಲ್. ಸೂರಿನಿಂದ ಧೋ ಎಂದು ನೀರು ಸುರಿಯುತ್ತಿದೆ, ಟ್ಯಾಂಕಿನಲ್ಲಿ ಹನಿ ನೀರಿಲ್ಲ. ಮೋಟಾರ್ ಓಡಬೇಕಲ್ಲ! 78 ವರ್ಷದ ಅವ್ವ ಸೂರಿನ ಕೆಳಗೆ ಹಂಡೆ ಇಟ್ಟು ಪಾತ್ರೆ ತೊಳೆದರು.

ಕಕ್ಕಡದ ಹದಿನೆಂಟನೇ ದಿನ ಔಷಧಿಯೆಂದು ಉಣ್ಣುವ ಮದ್ದು ಸೊಪ್ಪಿನ ಪಾಯಸ ಉಂಡದ್ದು ಮೇಣದಬತ್ತಿಯ ಬೆಳಕಿನಲ್ಲಿ. ಆ ಕಡುನೇರಳೆ ಬಣ್ಣ ಕಣ್ಣಿಗೇ ಕಾಣಲಿಲ್ಲ. ಮದ್ದು ಮೈಗೆ ಹಿಡಿಯಿತೇ ಎಂದು ಮರುದಿನ ನಸುಕಿನಲ್ಲಿ ನೋಡಿಕೊಳ್ಳಲೂ (ಮದ್ದು ಹಿಡಿದರೆ ಮೂತ್ರ ಕೆಂಪಾಗುತ್ತದೆ, ಕೊಡಗಿನವರಿಗೆ ಗೊತ್ತು) ಟಾರ್ಚ್ ಬೇಕಾಯಿತು.

ಎಂಟನೇ ದಿನ ಸಂಜೆ ಆ ತಿರುವಿನಲ್ಲಿ ನಿಂತಿದ್ದಾಗ ಮೆಸೇಜು ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಕೊಡೆ ಹಿಡಿದುಕೊಂಡು ಎರಡು ಸಲ ಓದಿದೆ. ಕೆಳಗೆ ಊರಿಡೀ ಒಂದು ದೀಪವಿಲ್ಲ. ಸಾಹೇಬರೇ, ಪರಿಹಾರವಾದದ್ದು ಯಾರ ದೂರು?

ಲೈನ್‌ಮ್ಯಾನ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಇರುವುದೇ ಇಬ್ಬರು, ಹರಿದ ರೇನ್‌ಕೋಟು, ನೋಡಬೇಕಾದ ಊರು ಏಳು. ಕೊನೆಗೆ ನಮ್ಮ ಕತ್ತಿ, ನಮ್ಮ ಹಗ್ಗ, ನಮ್ಮ ಪಿಕಪ್, ನಮ್ಮ ತೋಟದ ಆಳುಗಳು ಸೇರಿಯೇ ಕಂಬ ನೆಟ್ಟಗಾದದ್ದು. ಬಿಲ್ಲು ಮಾತ್ರ ನಿಮ್ಮದು. ಅದು ತಪ್ಪದೆ ಬಂತು, ನಿಗದಿತ ಶುಲ್ಕದ ಸಮೇತ.

ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಕೆಟ್ಟರೆ 72 ಗಂಟೆಯೊಳಗೆ ಬದಲಿಸಬೇಕು ಎಂಬುದನ್ನಾಗಲೀ, ಸೇವೆ ತಪ್ಪಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತದೆ ಎಂಬುದನ್ನಾಗಲೀ ತಮಗೆ ನಾನು ಹೇಳಬೇಕೇ? ಪರಿಹಾರದ ಪುಡಿಗಾಸು ನನಗೆ ಬೇಡ. ಕೊಂಬೆ ಕಡಿಸಿ.

ಮರ ಖಾಸಗಿಯವರದ್ದು ಎನ್ನುತ್ತೀರಿ. ಹೌದು, ನಮ್ಮದೇ. ಒಪ್ಪಿಗೆ ಬರೆದುಕೊಟ್ಟು ವರ್ಷವಾಯಿತು. ನಾವೇ ಕಡಿಯೋಣವೆಂದರೆ ಲೈನ್ ಆಫ್ ಮಾಡಿಕೊಡುವವರು ಬೇಕಲ್ಲ? ಅರ್ಧ ದಿನ ಲೈನ್ ಬಂದ್ ಮಾಡಿಸಿ, ಕಡಿಯುವವರನ್ನು ನಾವೇ ಕರೆಸುತ್ತೇವೆ, ಕೂಲಿಯೂ ನಮ್ಮದೇ. ಏಪ್ರಿಲ್‌ನಲ್ಲಿ ಕಡಿಸಿ, ಆಗದಿದ್ದರೆ ಮೇಯಲ್ಲಾದರೂ ಕಡಿಸಿ. ಮುಂಗಾರು ಹಿಡಿದ ಮೇಲೆ ಏಣಿ ಹೊತ್ತುಕೊಂಡು ಬರಬೇಡಿ.

ಅದೇ ಸಾಲಿನಲ್ಲಿ ಇನ್ನೊಂದು ಕೊಂಬೆ ಈಗಲೂ ತಂತಿಗೆ ಮೊಳದಷ್ಟು ಮೇಲೆ ತೂಗುತ್ತಿದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೋಳ್ದ್ ಹತ್ತಿರ ಬಂತು. ಮನೆಗೆ ಬನ್ನಿ, ಕಡುಂಬುಟ್ಟು (ಅಕ್ಕಿಯ ಉಂಡೆ ಕಡುಬು), ಪಂದಿ ಕರಿ (ಹಂದಿ ಸಾರು) ಬಡಿಸುತ್ತೇವೆ. ಬರುವ ದಾರಿಯಲ್ಲಿ ಜೀಪು ನಿಲ್ಲಿಸಿ ಒಮ್ಮೆ ತಲೆ ಎತ್ತಿ ನೋಡಿ.

ಇತಿ,
ಬಿಲ್ಲು ಬಾಕಿಯಿಲ್ಲದ ಒಬ್ಬ ಗ್ರಾಹಕ