ಅರಿವು ಮೂಡಿಸುವ ಮೊದಲು ಊರಿನವರ ಮಾತು ಕೇಳಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ಭಯ ಶುರುವಾಗುತ್ತದೆ. ಅದರ ಹಿಂದೆಯೇ ‘ಜನರಲ್ಲಿ ಅರಿವು ಮೂಡಿಸಬೇಕು’ ಎಂಬ ಹೇಳಿಕೆಗಳೂ ಬರುತ್ತವೆ. ಅರಿವು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ನಾನು ಊರಿನವರೇ ಮುಂದೆ ನಿಂತು ಮಾಡುವ ಆರೋಗ್ಯದ ಕೆಲಸಗಳ ಬಗ್ಗೆ ಒಂದು ಪಾಡ್‌ಕಾಸ್ಟ್ ನಡೆಸುತ್ತೇನೆ. ಅದಕ್ಕಾಗಿ ಮನೆ ಮನೆ ತಿರುಗಿ ಮಾತಾಡಿಸಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು: ಊರಿನವರ ದಿನ ಹೇಗೆ ಸಾಗುತ್ತದೆ ಎಂಬ ಅರಿವು ಮೊದಲು ಯೋಜನೆ ಮಾಡುವವರಿಗೆ ಬೇಕು.

ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿದರೆ ಬರುತ್ತದೆ. ಮೊದಲು ಕೊಡುತ್ತಿದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ನಿಲ್ಲಿಸಿದರು. ಹಾಗಾಗಿ ಉಣುಗು ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳುವುದು, ಮಂಗ ಸತ್ತು ಬಿದ್ದಿದ್ದರೆ ತಿಳಿಸುವುದು, ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಹೋಗುವುದು, ಎಲ್ಲವೂ ಊರಿನವರೇ ಮಾಡಬೇಕಾದ ಕೆಲಸ.

‘ಕಾಡಿಗೆ ಹೋಗುವ ಮೊದಲು ಡೇಪಾ ಎಣ್ಣೆ ಹಚ್ಚಿಕೊಳ್ಳಿ’ ಎಂದು ಹೇಳುತ್ತಾರೆ. ಈ ಬಗ್ಗೆ ಒಬ್ಬ ಅಜ್ಜಿಯನ್ನು ಕೇಳಿದೆ. ಅವರು ಹೇಳಿದ್ದು: ‘ಕಾಡಿಗೆ ಹೋಗೋದು ಅಂದ್ರೆ ಎಂತದು ಮಾರಾಯ್ತಿ? ನಮ್ಮ ಕೊಟ್ಟಿಗೆ ದಾಟಿದ್ರೆ ಕಾಡೇ. ಬೆಳಿಗ್ಗೆ ಸೌದೆ, ಮಧ್ಯಾಹ್ನ ತರಗೆಲೆ, ಸಂಜೆ ದನ ಹುಡುಕೋದು. ದಿನಕ್ಕೆ ಎಷ್ಟು ಸಲ ಹಚ್ಚಲಿ? ಒಂದು ಬಾಟ್ಲಿ ಎಷ್ಟು ದಿನ ಬರುತ್ತೆ?’ ಅಷ್ಟಕ್ಕೇ ಬಿಡಲಿಲ್ಲ. ಎಣ್ಣೆಯನ್ನು ಹಾಲಿನ ಡೈರಿಯಲ್ಲಿ ಇಡಿ, ಹಾಲು ಹಾಕೋಕೆ ದಿನಾ ಬರ್ತೀವಲ್ಲ, ಖಾಲಿಯಾದವರು ಅಲ್ಲೇ ತಗೊಂಡು ಹೋಗ್ತಾರೆ ಎಂದರು. ಎಷ್ಟು ಸರಳ, ಅಲ್ವಾ? ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಕಟ್ಟಡ ಬೇಡ. ಆ ಅಜ್ಜಿಯನ್ನು ಯಾರಾದರೂ ಕೇಳಬೇಕಿತ್ತು, ಅಷ್ಟೇ.

ಕೇಳುವ ರೀತಿಯೂ ಮುಖ್ಯ. ‘ನಿಮ್ಮ ಸಾಧನೆ ಹೇಳಿ’ ಎಂದರೆ ಆಶಾ ಕಾರ್ಯಕರ್ತೆಯರು ‘ನಾನೆಂತ ಮಾತಾಡೋದು’ ಎಂದು ಸುಮ್ಮನಾಗುತ್ತಾರೆ. ‘ನಿನ್ನೆ ಯಾರ ಮನೆಗೆ ಹೋಗಿದ್ರಿ?’ ಎಂದರೆ ಮಾತು ನಿಲ್ಲುವುದೇ ಇಲ್ಲ. ಬಿಪಿ ಮಾತ್ರೆ ಯಾರು ನಿಲ್ಲಿಸಿದ್ದಾರೆ, ಯಾಕೆ ನಿಲ್ಲಿಸಿದ್ದಾರೆ, ತೋಟದ ಕೂಲಿಯವರ ಲೈನ್ ಮನೆಗೆ ಹೊರ ರಾಜ್ಯದಿಂದ ಬಂದ ಬಸುರಿ ಯಾರು, ಎಲ್ಲ ಅವರಿಗೆ ಗೊತ್ತು. ಮೂಡಿಗೆರೆ ಕಡೆಯ ಒಬ್ಬರು ಹೇಳಿದ್ದನ್ನು ಕೇಳಿ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚಿದರೆ 108 ಬರಲು ಆಗುವುದಿಲ್ಲ. ಅದಕ್ಕೆ ಅವರ ಊರಿನ ಹೆಂಗಸರ ಸಂಘದವರು ಜೀಪು ಇರುವವರ ಫೋನ್ ನಂಬರ್ ಬರೆದು ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸಿದ್ದಾರೆ. ರಾತ್ರಿ ಯಾರ ಜೀಪು ಎಂದು ವಾರದ ಸರದಿಯೂ ಇದೆ. ಆ ಕಂತನ್ನು ಜಾಸ್ತಿ ಜನ ಕೇಳಿದ್ದು ವಾಟ್ಸ್‌ಆ್ಯಪ್‌ನಲ್ಲಿ, ಸಣ್ಣ ತುಂಡುಗಳಾಗಿ. ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಇಳಿಸಿಕೊಂಡು, ಸಂಘದ ಸಭೆಯಲ್ಲಿ ಹಾಕಿ ಕೇಳುತ್ತಾರೆ.

ಇಂಥ ಮಾತಿಗೆಂದೇ ಒಂದು ಜಾಗ ಈಗಾಗಲೇ ಇದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂದು ಅದರ ಹೆಸರು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದದ್ದು. ಗ್ರಾಮ ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಸಭೆ ಕರೆಯುವವರು ಆಶಾ. ತಿಂಗಳಿಗೊಮ್ಮೆ ಸೇರಬೇಕು. ವರ್ಷಕ್ಕೆ 10,000 ರೂಪಾಯಿವರೆಗೆ ಊರೇ ತೀರ್ಮಾನಿಸಿ ಖರ್ಚು ಮಾಡಲು ಅವಕಾಶವಿದೆ. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರಿಗೆ ತಮ್ಮೂರಿನಲ್ಲಿ ಇಂಥದ್ದೊಂದು ಸಮಿತಿ ಇದೆ ಎಂದೇ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿದ್ದು ಒಂದೇ: ಸಭೆ ಬೆಳಿಗ್ಗೆ ಹನ್ನೊಂದಕ್ಕೆ, ಆಗ ನಾವು ತೋಟದಲ್ಲಿ ಇರ್ತೀವಿ. ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬಾ ಎನ್ನುವುದು ನ್ಯಾಯವಲ್ಲ. ಸಂಜೆ ಐದರ ಮೇಲೆ, ಇಲ್ಲವೇ ತೋಟಕ್ಕೆ ರಜೆ ಇರುವ ಸಂತೆಯ ದಿನ ಇಟ್ಟರೆ ಬರುತ್ತಾರೆ.

ಆರೈಕೆಯ ವಿಷಯಕ್ಕೆ ಬಂದರೆ ಕೇರಳವನ್ನು ನೋಡಬೇಕು. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಶುರುವಾದ ನೋವು ಶಮನದ ಕೆಲಸ ಮುಂದೆ ಮಲಪ್ಪುರಂ ಕಡೆ ಅಕ್ಕಪಕ್ಕದ ಮನೆಯವರ ಕೈಗೆ ಬಂತು. ತರಬೇತಿ ಪಡೆದ ನೆರೆಯವರು ವಾರಕ್ಕೆ ಒಂದೆರಡು ಗಂಟೆ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ, ನರ್ಸ್ ಮತ್ತು ಡಾಕ್ಟರ್ ಬೆನ್ನಿಗಿರುತ್ತಾರೆ. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆ ನೀತಿಯನ್ನೇ ತಂದಿತು. ನಮ್ಮ ಮಲೆನಾಡಿನ ಒಂಟಿ ಮನೆಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ, ವಯಸ್ಸಾದವರು ಇಬ್ಬರೇ ಉಳಿದಿದ್ದಾರೆ. ಇಲ್ಲಿಗೆ ಇದಕ್ಕಿಂತ ಹೊಂದುವ ದಾರಿ ನನಗೆ ಕಾಣುತ್ತಿಲ್ಲ.

ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಊರಿನವರೇ ಮಾಡಲಿ ಎಂದರೆ ಹೆಂಗಸರು ಪುಕ್ಕಟೆ ದುಡಿಯಲಿ ಎಂದು ಅರ್ಥವಾಗಬಾರದು. ಇಪ್ಪತ್ತು ವರ್ಷ ಕಳೆದರೂ ಆಶಾ ಕಾರ್ಯಕರ್ತೆಯರನ್ನು ಸ್ವಯಂಸೇವಕಿಯರೆಂದೇ ಕರೆಯುತ್ತೇವೆ. 2025ರ ಜನವರಿಯಲ್ಲಿ ಅವರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತ ಮೇಲೆಯೇ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿದ್ದು. ವಾರಕ್ಕೆ ಎರಡು ಗಂಟೆ ಕೊಡುವ ನೆರೆಮನೆಯವರ ಪ್ರೀತಿ ಬೇರೆ, ದಿನವಿಡೀ ಗುಡ್ಡ ಹತ್ತಿ ಇಳಿಯುವವರ ದುಡಿಮೆ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ: ಮಂಗನ ಕಾಯಿಲೆಯ ಕಾಲ ಶುರುವಾಗುವ ಮೊದಲೇ ಕಾಡಂಚಿನ ಪ್ರತಿ ಊರಲ್ಲೂ ಈ ಸಮಿತಿಯ ಸಭೆಯನ್ನು ಸಂಜೆ ಹೊತ್ತು ಕರೆಯಿರಿ. ಎಣ್ಣೆ ಎಲ್ಲಿಡಬೇಕು, ಎಷ್ಟು ಬೇಕು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಬಂದ ಹಣ, ಮಾಡಿದ ಖರ್ಚು ಎರಡನ್ನೂ ಡೈರಿಯ ಗೋಡೆಗೆ ಅಂಟಿಸಿ. ನಿಮ್ಮ ಪತ್ರಿಕೆಯ ವರದಿಗಾರರೂ ಅಂಥ ಒಂದು ಸಭೆಗೆ ಬಂದು, ಹಿಂದಿನ ಸಾಲಿನಲ್ಲಿ ಕೂತವರನ್ನು ಮಾತಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಪಾಡ್‌ಕಾಸ್ಟ್ ನಿರೂಪಕಿ, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ