ಎಲ್ಲವನ್ನೂ ಯುಟಿಸಿಯಲ್ಲಿಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗ್ ಕಲಿಯುವವರಿಗೆ ಸಮಯ ವಲಯಗಳ ಬಗ್ಗೆ ಸಿಗುವ ಪಾಠ ಸಾಮಾನ್ಯವಾಗಿ ಒಂದೇ ಸಾಲಿನದು: ಎಲ್ಲ ಸಮಯವನ್ನೂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯದಲ್ಲಿ) ಇಡಿ, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಬದಲಿಸಿ. ಆಗಿಹೋದ ಘಟನೆಗಳಿಗೆ ಈ ಮಾತು ಸರಿ. ಹುಟ್ಟಿದ ದಿನಾಂಕಕ್ಕೂ ಮುಂದಿನ ವರ್ಷದ ಸಭೆಗೂ ಅದನ್ನೇ ಅನ್ವಯಿಸಹೊರಟಾಗ ಎಡವಟ್ಟು ಶುರು.

ಟೈಮ್‌ಸ್ಟ್ಯಾಂಪ್ ಎಂದರೆ 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು, ಅಷ್ಟೆ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಆಗಾಗ ಸೇರಿಸಿದ ಲೀಪ್ ಸೆಕೆಂಡುಗಳು ಈ ಎಣಿಕೆಯಲ್ಲಿ ಸೇರಿಲ್ಲ. 1700000000 ಎಂಬ ಸಂಖ್ಯೆ ಯುಟಿಸಿಯಲ್ಲಿ 2023ರ ನವೆಂಬರ್ 14ರ 22:13:20. ಅದೇ ಕ್ಷಣಕ್ಕೆ ನ್ಯೂಯಾರ್ಕ್‌ನಲ್ಲಿ 17:13:20, ಕಠ್ಮಂಡುವಿನಲ್ಲಿ ಆಗಲೇ 15ನೇ ತಾರೀಖಿನ 03:58:20. ತಾರೀಖು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಹಾಗಿದ್ದೂ ‘ಸ್ಥಳೀಯ ಟೈಮ್‌ಸ್ಟ್ಯಾಂಪ್’ ಮಾಡುತ್ತೇನೆಂದು ಅದಕ್ಕೆ ಭಾರತದ ಐದೂವರೆ ಗಂಟೆಯ 19800 ಸೆಕೆಂಡು ಕೂಡಿಸುವ ಕೋಡ್ ಎಷ್ಟೋ ಕಡೆ ಕಾಣುತ್ತದೆ. ಹಾಗೆ ಕೂಡಿಸಿದರೆ ಸಿಗುವುದು ಐದೂವರೆ ಗಂಟೆ ನಂತರದ ಇನ್ನೊಂದು ಕ್ಷಣ; ಮುಂದೆ ಯಾರಾದರೂ ಅದನ್ನು ನಿಯಮದಂತೆ ವಲಯಕ್ಕೆ ಬದಲಿಸಿದರೆ ಐದೂವರೆ ಗಂಟೆ ಎರಡು ಸಲ ಸೇರುತ್ತದೆ.

ಅಂಕಿಗಳನ್ನು ಎಣಿಸುವ ಅಭ್ಯಾಸ ಒಳ್ಳೆಯದು. ಇಂದಿನ ಕಾಲದ ಟೈಮ್‌ಸ್ಟ್ಯಾಂಪ್ ಹತ್ತು ಅಂಕಿಯದಾದರೆ ಸೆಕೆಂಡು, ಹದಿಮೂರಾದರೆ ಮಿಲಿಸೆಕೆಂಡು. ಜಾವಾಸ್ಕ್ರಿಪ್ಟ್ ಕೊಡುವುದು ಮಿಲಿಸೆಕೆಂಡು, ಪೈಥಾನ್‌ನ ಟೈಮ್.ಟೈಮ್ ಕೊಡುವುದು ಸೆಕೆಂಡು. ಪರದೆಯ ಮೇಲೆ 1970ರ ಜನವರಿ ಕಂಡರೆ ಸೆಕೆಂಡನ್ನು ಮಿಲಿಸೆಕೆಂಡೆಂದು ಓದಿರುವ ಸಾಧ್ಯತೆಯೇ ಹೆಚ್ಚು. ಐವತ್ತು ಸಾವಿರ ದಾಟಿದ ಇಸವಿ ಕಂಡರೆ ಅದರ ಉಲ್ಟಾ.

ಪೈಥಾನ್‌ನಲ್ಲಿ ಇನ್ನೂ ನಯವಾದ ಬಲೆಯೊಂದಿದೆ. ಯುಟಿಸಿನೌ ಎಂಬ ಫಂಕ್ಷನ್ ಕೊಡುವ ಈಗಿನ ಯುಟಿಸಿ ಸಮಯಕ್ಕೆ ವಲಯದ ಗುರುತೇ ಇರುವುದಿಲ್ಲ. ಅದರಿಂದ ಸೆಕೆಂಡುಗಳ ಸಂಖ್ಯೆ ಪಡೆಯಲು ಟೈಮ್‌ಸ್ಟ್ಯಾಂಪ್ ಫಂಕ್ಷನ್ ಕರೆದರೆ ಪೈಥಾನ್ ಅದನ್ನು ಯಂತ್ರದ ಸ್ಥಳೀಯ ಸಮಯ ಎಂದೇ ಭಾವಿಸುತ್ತದೆ. ಸರ್ವರ್ ಯುಟಿಸಿಯಲ್ಲಿದ್ದರೆ ಉತ್ತರ ಸರಿ. +5:30ರ ಲ್ಯಾಪ್‌ಟಾಪಿನಲ್ಲಿ 19800 ಸೆಕೆಂಡು ಕಡಿಮೆ. ಯುಟಿಸಿನೌ ಬಳಸಬೇಡಿ ಎಂದು 3.12ನೇ ಆವೃತ್ತಿಯಿಂದ ಪೈಥಾನೇ ಎಚ್ಚರಿಸುತ್ತದೆ. ಡೇಟ್‌ಟೈಮ್.ನೌಗೆ ಟೈಮ್‌ಝೋನ್.ಯುಟಿಸಿ ಕೊಟ್ಟು ಬರೆದರೆ ಮುಗಿಯಿತು.

ಹುಟ್ಟಿದ ದಿನಾಂಕದ ಕತೆ ಬೇರೆ. ಅದು ಕ್ಷಣವೇ ಅಲ್ಲ, ಕ್ಯಾಲೆಂಡರಿನ ಒಂದು ಮನೆ. ಜಾವಾಸ್ಕ್ರಿಪ್ಟ್‌ಗೆ ‘1990-05-20’ ಎಂಬ ಪಠ್ಯ ಕೊಟ್ಟರೆ ಅದು ಯುಟಿಸಿ ಮಧ್ಯರಾತ್ರಿ ಎಂದು ಓದುತ್ತದೆ. ನ್ಯೂಯಾರ್ಕ್‌ನ ಬಳಕೆದಾರನಿಗೆ ಮೇ 19 ಕಾಣುತ್ತದೆ. ಅದೇ ಪಠ್ಯಕ್ಕೆ ವಲಯ ಹೇಳದೆ ಗಂಟೆ ಸೇರಿಸಿದರೆ ಸ್ಥಳೀಯ ಸಮಯ ಎಂದು ಓದುತ್ತದೆ. ಇಂಥ ನಿಯಮವನ್ನು ಯಾರು ತಾನೇ ನೆನಪಿಟ್ಟುಕೊಂಡಾರು! ಯುಟಿಸಿಗಿಂತ ಮುಂದಿರುವ ವಲಯಗಳಲ್ಲಿ ತೊಂದರೆ ಇನ್ನೊಂದು ಬಾಗಿಲಿನಿಂದ ಬರುತ್ತದೆ: ಬಳಕೆದಾರ ಆರಿಸಿದ ದಿನದ ಸ್ಥಳೀಯ ಮಧ್ಯರಾತ್ರಿ ಯುಟಿಸಿಗೆ ಹೋಗುವಾಗ ಹಿಂದಿನ ದಿನಕ್ಕೆ ಜಾರುತ್ತದೆ. ಡೇಟಾಬೇಸಿನ ತುಂಬ ಹಿಂದಿನ ದಿನದ 18:30 ಕಂಡರೆ +5:30ರ ಬ್ರೌಸರ್ ಒಂದು ದಿನಾಂಕವನ್ನು ಕ್ಷಣವಾಗಿಸಿ ಕಳಿಸಿದೆ ಎಂದು ತಿಳಿಯಬಹುದು. ಬರೀ ದಿನಾಂಕವನ್ನು ಡೇಟ್ ಕಾಲಮ್ಮಿನಲ್ಲೇ ಇಡಬೇಕು, ವಲಯದ ಹತ್ತಿರಕ್ಕೂ ಒಯ್ಯಬಾರದು.

ಇನ್ನು ಮುಂದಿನ ದಿನಗಳ ಸಮಯ. 2022ರ ಅಕ್ಟೋಬರ್ ಕೊನೆಯಲ್ಲಿ ಮೆಕ್ಸಿಕೋ ದೇಶದ ಬಹುಭಾಗ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದನ್ನು ಕೈಬಿಟ್ಟಿತು. ಅದಕ್ಕೆ ಮೊದಲೇ ಯಾರಾದರೂ 2023ರ ಜುಲೈನಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಬೆಳಿಗ್ಗೆ 10ಕ್ಕೆ ಸಭೆ ಗೊತ್ತುಮಾಡಿ ಯುಟಿಸಿಯಲ್ಲಿ 15:00 ಎಂದು ಉಳಿಸಿದ್ದರೆ, ಹೊಸ ನಿಯಮದಲ್ಲಿ ಅದು 9 ಗಂಟೆ ಎಂದು ತೋರಿಸುತ್ತಿತ್ತು. ಉಳಿಸಬೇಕಾದದ್ದು ‘10:00’ ಎಂಬ ಸ್ಥಳೀಯ ಸಮಯ ಮತ್ತು ‘ಅಮೆರಿಕ/ಮೆಕ್ಸಿಕೋ_ಸಿಟಿ’ ಎಂಬ ವಲಯದ ಹೆಸರು. ಯುಟಿಸಿ ಸಮಯವನ್ನು ಇವೆರಡರಿಂದ ಲೆಕ್ಕಹಾಕಿ ಇಟ್ಟುಕೊಳ್ಳಬಹುದು, ಆದರೆ ವಲಯಗಳ ದತ್ತಾಂಶ ನವೀಕರಿಸಿದಾಗೆಲ್ಲ ಮತ್ತೆ ಲೆಕ್ಕಹಾಕಬೇಕು. ಬರೀ ಆಫ್‌ಸೆಟ್ (ಯುಟಿಸಿಯಿಂದ ಇರುವ ಅಂತರ) ಇಟ್ಟರೂ ಸಾಲದು. -6:00 ಎಂಬುದು ಯಾವ ದೇಶದ ನಿಯಮ ಎಂದು ಅದರಿಂದ ತಿಳಿಯದು. ಮೂರಕ್ಷರದ ಹೆಸರುಗಳಂತೂ ಬೇಡವೇ ಬೇಡ: ಐಎಸ್‌ಟಿ ಎಂದರೆ ಭಾರತವೂ ಹೌದು, ಇಸ್ರೇಲೂ ಹೌದು, ಐರ್ಲೆಂಡೂ ಹೌದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ‘ವಲಯ ಸಹಿತ ಟೈಮ್‌ಸ್ಟ್ಯಾಂಪ್’ ಹೆಸರಿಗೆ ಮೋಸಹೋಗುವವರೂ ಇದ್ದಾರೆ. ಅದು ಯುಟಿಸಿಗೆ ಬದಲಿಸಿಕೊಂಡು ವಲಯವನ್ನು ಮರೆತುಬಿಡುತ್ತದೆ. ವಲಯದ ಹೆಸರಿಗೆ ಬೇರೆ ಕಾಲಮ್ ಬೇಕು.

ನಾಳೆ ಇದೇ ಹೊತ್ತಿಗೆ ಎಂದು 86400 ಸೆಕೆಂಡು ಕೂಡಿಸುವುದೂ ತಪ್ಪು. ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 9ರ ಬೆಳಿಗ್ಗೆ 10ಕ್ಕೆ ಅಷ್ಟು ಕೂಡಿಸಿದರೆ ಮರುದಿನದ 11 ಆಗುತ್ತದೆ, ಏಕೆಂದರೆ ಆ ರಾತ್ರಿ ಗಡಿಯಾರ ಮುಂದಿಟ್ಟಿದ್ದರಿಂದ 2ರಿಂದ 3ರವರೆಗಿನ ಗಂಟೆಯೇ ಇರಲಿಲ್ಲ. ಅದೇ ವರ್ಷದ ನವೆಂಬರ್ 3ರಂದು ಗಡಿಯಾರ ಹಿಂದಿಟ್ಟಾಗ ಅಲ್ಲಿ 1:30 ಎರಡು ಸಲ ಬಂತು. ಯಾವುದು ಬೇಕೆಂದು ಹೇಳಲು ಪೈಥಾನ್‌ನಲ್ಲಿ ಫೋಲ್ಡ್ ಎಂಬ ಗುಣವಿದೆ, ಎರಡನೆಯದಕ್ಕೆ ಅದು 1.

ಇವನ್ನೆಲ್ಲ ಹಿಡಿಯಲು ಒಂದು ಅಗ್ಗದ ಪರೀಕ್ಷೆ ಇದೆ. ಯಂತ್ರದ ವಲಯವನ್ನು ಪ್ರೋಗ್ರಾಮಿಗೆ ತಿಳಿಸುವ ಟಿಝಡ್ ಎಂಬ ಪರಿಸರ ಚರಾಂಕವನ್ನು ಒಮ್ಮೆ ಯುಟಿಸಿಗೆ, ಒಮ್ಮೆ ನ್ಯೂಯಾರ್ಕ್‌ಗೆ, ಒಮ್ಮೆ ಕಠ್ಮಂಡುವಿಗೆ, ಇನ್ನೊಮ್ಮೆ ಗಡಿಯಾರವನ್ನು ಅರ್ಧ ಗಂಟೆ ಮಾತ್ರ ಸರಿಸುವ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪಕ್ಕೆ ಇಟ್ಟು ಎಲ್ಲ ಟೆಸ್ಟ್‌ಗಳನ್ನೂ ಓಡಿಸಿ. ಫಲಿತಾಂಶ ಬದಲಾದ ಕಡೆ ಕೋಡ್ ಯಂತ್ರದ ವಲಯವನ್ನು ಹೇಳದೆ ಕೇಳದೆ ಬಳಸುತ್ತಿದೆ.

ಇಂತಿ,
ಒಬ್ಬ ಓದುಗ